ನಂದೆಪ್ಪ ಎಂದು ಬರೆದದ್ದು ನಾನು

"ಮಾನ್ಯ ತಹಶೀಲ್ದಾರ ಸಾಹೇಬರ ಸನ್ನಿಧಾನಕ್ಕೆ... ಕೆಳಗೆ ಸಹಿ ಮಾಡುವ ಅರ್ಜಿದಾರಳು ವಿನಂತಿಸಿಕೊಳ್ಳುವುದೇನೆಂದರೆ..."

ಹೋದ ವಾರ ಕುಂದಗೋಳದ ಸೇವಾ ಕೇಂದ್ರದಲ್ಲಿ ಟೋಕನ್ ಹಿಡಿದು ಕುಳಿತಿದ್ದೆ. ಆಧಾರ್‌ನಲ್ಲಿ ನನ್ನ ಮನೆ ನಂಬರು ತಪ್ಪಾಗಿತ್ತು, ಕರೆಕ್ಷನ್ ಮಾಡಿಸಬೇಕಿತ್ತು. ಗೋಡೆಯ ಮೇಲಿನ ಮಷೀನು ಹೆಣ್ಣು ದನಿಯಲ್ಲಿ ನಂಬರು ಕೂಗುತ್ತಿತ್ತು. ಪ್ರತಿ ನಂಬರಿಗೂ ಒಂದೇ ದನಿ, ಒಂದೇ ಏರಿಳಿತ. ಅದನ್ನು ಕೇಳುತ್ತ ಕುಳಿತವಳಿಗೆ ಅದೆಲ್ಲಿಂದಲೋ ಆ ಹಳೆಯ ದನಿ ಕಿವಿಗೆ ಬಂತು. ಅದು 'ಸನ್ನಿಧಾನಕ್ಕೆ' ಎಂಬಲ್ಲಿ ಒಂದಿಷ್ಟು ಎಳೆಯುತ್ತಿತ್ತು. 'ಏನೆಂದರೆ' ಎಂಬಲ್ಲಿ ನಿಂತು, ಎದುರಿಗೆ ಕೂತವರ ಮುಖ ನೋಡಿ, ಅವರು ಹೂಂ ಅಂದ ಮೇಲೆಯೇ ಮುಂದಕ್ಕೆ ಹೋಗುತ್ತಿತ್ತು...

ಅವರನ್ನು ಎಲ್ಲರೂ ಅರ್ಜಿ ಕಾಕಾ ಎನ್ನುತ್ತಿದ್ದರು. ನಾನೂ ಕಾಕಾ ಅಂದೆ.

ಆಗ ತಹಶೀಲ್ದಾರ ಕಚೇರಿಯ ಕಂಪೌಂಡಿನೊಳಗೆ ಒಂದು ಬೇವಿನ ಮರ, ಅದರ ಸುತ್ತ ಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲೆ ಇಳಿಜಾರಿನ ಒಂದು ಪುಟ್ಟ ಮರದ ಡೆಸ್ಕು ಇಟ್ಟುಕೊಂಡು ಅವರು ಜನರ ಅರ್ಜಿ ಬರೆದುಕೊಡುತ್ತಿದ್ದರು. ನೇಯ್ಗೆಯ ಮನೆತನ, ಓದಿದ್ದು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ. ಆದರೆ ಊರಿನ ನಾಲ್ಕೂ ಆಫೀಸು ಅವರ ತಲೆಯಲ್ಲಿದ್ದವು. ಸೀಮೆಎಣ್ಣೆ ಯಾವತ್ತು ಬರುತ್ತದೆ, ಕೂಸುಗಳಿಗೆ ಸೂಜಿ ಹಾಕುವ ನರ್ಸು ಯಾವ ವಾರ ಯಾವ ಓಣಿಗೆ ಬರುತ್ತಾಳೆ, ಯಾವ ಕಿಟಕಿಯ ಕಾರಕೂನ ಊಟಕ್ಕೆ ಮೊದಲು ಸಿಟ್ಟಿನಲ್ಲಿರುತ್ತಾನೆ, ಎಲ್ಲ ಅವರನ್ನು ಕೇಳಬೇಕು. ಅರ್ಜಿ ಬರೆಸುವವರಿಗಿಂತ ಬರೀ ಕೇಳಿಕೊಂಡು ಹೋಗುವವರೇ ಹೆಚ್ಚು. ಹೆಬ್ಬೆಟ್ಟು ಒತ್ತಿದವರು ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳಲು ಹೋದರೆ, ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿ ಮುಂದಿಡುತ್ತಿದ್ದರು. ಸರ್ಕಾರದ ಮಸಿ ಮನೀತನಕ ಒಯ್ಯಬ್ಯಾಡ್ರಿ ಅನ್ನುವುದು ಅವರ ದಿನದ ಮಾತು.

ನಾನು ಮದುವೆಯಾಗಿ ಬಂದದ್ದು ಆ ಕಚೇರಿಯ ಹಿಂದಿನ ಕ್ವಾರ್ಟರ್ಸಿಗೆ. ಯಜಮಾನರು ಅಲ್ಲೇ ಕಾರಕೂನರು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಕಲಿತವಳು. ಕರ್ಸಿವ್ ಬರವಣಿಗೆಗೆ ಪ್ರೈಜು ಬಂದಿತ್ತು. ಐ ವಾಸ್ ಸೋ ಪ್ರೌಡ್ ಆಫ್ ಇಟ್, ಈಗ ನೆನೆದರೆ ನಗು ಬರುತ್ತದೆ. ರೇಷನ್ ಕಾರ್ಡಿನ ಅರ್ಜಿಗೆಂದು ಮೊದಲ ಸಲ ಕಟ್ಟೆಗೆ ಹೋದಾಗ, ಕಾಕಾ ಗಂಡನ ಹೆಸರು ಕೇಳಿದರು. ನಾನು ಹೆಸರು, ತಂದೆಯ ಹೆಸರು, ಮನೆತನದ ಹೆಸರು ಮೂರನ್ನೂ ಸ್ಕೂಲ್ ಅಸೆಂಬ್ಲಿಯಲ್ಲಿ ಹೇಳಿದ ಹಾಗೆ ಗಟ್ಟಿಯಾಗಿ ಹೇಳಿದೆ. ಪಾಳಿಯಲ್ಲಿ ಕೂತಿದ್ದ ಹೆಂಗಸರೆಲ್ಲ ತಟ್ಟನೆ ಸುಮ್ಮನಾದರು. ಒಬ್ಬಾಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಕಾಕಾ ಮಾತ್ರ ತಲೆ ಎತ್ತದೆ, "ಸಾವಕಾಶ ಹೇಳ್ರಿ ಬಾಯಾರ, ಸಾಹೇಬ್ರು ಒಳಗ ಅದಾರ, ಅವರಿಗೂ ಕೇಳಿಸ್ತು" ಅಂದರು.

ನಮ್ಮ ಕಡೆ ಆಗ ಹೆಂಗಸರು ಗಂಡನ ಹೆಸರನ್ನು ಬಾಯಿಂದ ತೆಗೆಯುತ್ತಿರಲಿಲ್ಲ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಯಾರಾದರೂ ಬಾಗಿಲು ತಡೆದು ಕೇಳಿದರೆ ಪ್ರಾಸ ಕಟ್ಟಿ, ಒಡಪಿನೊಳಗೆ ಹೆಸರನ್ನು ಮುಚ್ಚಿಟ್ಟು ಹೇಳುತ್ತಿದ್ದರು. ಆದರೆ ಅರ್ಜಿಯಲ್ಲಿ ಒಡಪಿಗೆ ಜಾಗವಿಲ್ಲವಲ್ಲ. ಅದಕ್ಕೇ ಕಾಕಾನ ಅರ್ಧ ದಿನ ಹೆಸರು ಹೊರಡಿಸುವುದರಲ್ಲೇ ಹೋಗುತ್ತಿತ್ತು. ಒಬ್ಬಾಕೆ ಹಗಲು ಹೊತ್ತಿನಲ್ಲಿ ಆಕಾಶ ತೋರಿಸಿ, ರಾತ್ರಿ ಬರ್ತಾನಲ್ರಿ ಅವ ಅಂದಳು. ಕಾಕಾ ಚಂದ್ರಪ್ಪ ಎಂದು ಬರೆದರು. ಇನ್ನೊಬ್ಬಾಕೆ ಬೇವಿನ ಮರದ ಮೇಲಿನ ಮಂಗನ ಕಡೆ ಕೈ ಮಾಡಿದಳು. ಅವಳ ಗಂಡ ಬಾಜುವಿನಲ್ಲೇ ನಿಂತಿದ್ದ. ಹನುಮಂತಪ್ಪ ಅನ್ನರಿ, ಮಂಗ್ಯಾ ಅನಬ್ಯಾಡ್ರಿ ಅಂತ ಅವನೇ ಹೇಳಿದ ಮೇಲೆ ಕಟ್ಟೆಗೆ ಕಟ್ಟೆಯೇ ನಕ್ಕಿತು. ಬರೆದಾದ ಮೇಲೆ ಕಾಕಾ ಪೂರ್ತಿ ಅರ್ಜಿ ಓದಿ ಹೇಳುತ್ತಿದ್ದರು. ಬರೆಸಿದವರು ಹೂಂ ಅಂದರೇ ಹೆಬ್ಬೆಟ್ಟು.

ಮಧ್ಯಾಹ್ನ ಯಜಮಾನರಿಗೆ ಡಬ್ಬಿ ಕೊಡಲು ಹೋದವಳು ಹಾಗೇ ಕಟ್ಟೆಯ ಮೇಲೆ ಕೂರುವುದು ರೂಢಿಯಾಯಿತು. ಬ್ಯಾಂಕಿನ ಫಾರ್ಮು, ಮಿಲಿಟರಿ ಪೆನ್ಶನ್ನಿನ ಕಾಗದ, ಇಂಗ್ಲಿಷಿನದೇನಿದ್ದರೂ ಕಾಕಾ ನನ್ನ ಕಡೆ ಸರಿಸುತ್ತಿದ್ದರು. ಕಚೇರಿಯವರ ಮನೆಯವರು ಅರ್ಜಿ ಬರೆಯಬಾರದು, ಹೊಸದಾಗಿ ಬಂದ ಸಾಹೇಬರು ಬಹಳ ಸ್ಟ್ರಿಕ್ಟು ಅಂತ ಯಜಮಾನರು ಒಂದೆರಡು ಸಲ ಎಚ್ಚರಿಸಿದ್ದರು. ಬರೆಯುವುದಿಲ್ಲ, ಬರೀ ಓದಿ ಹೇಳುತ್ತೇನೆ ಎಂದು ಸುಳ್ಳು ಹೇಳಿದ್ದೆ.

ಶುಕ್ರವಾರ ಕಾಕಾ ನಮಾಜಿಗೆ ಹೋಗುತ್ತಿದ್ದರು. ಅಷ್ಟೊತ್ತು ಡೆಸ್ಕು ಕಾಯುವವಳು ನಾನು. ಅಂಥ ಒಂದು ಶುಕ್ರವಾರ ಯರಗುಪ್ಪಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತು ದಾಟಿರಲಿಕ್ಕಿಲ್ಲ. ಬರಿ ಹಣೆ. ಗಂಡ ತೀರಿ ಮೂರು ತಿಂಗಳಾಗಿತ್ತು, ಮನೆಯಲ್ಲಿ ಸಣ್ಣ ಮಗಳು. ಗಂಡನ ಎರಡು ಎಕರೆ ಎರೆಹೊಲವನ್ನು ಮೈದುನ ತಾನೊಬ್ಬನೇ ವಾರಸದಾರ ಎಂದು ತನ್ನ ಹೆಸರಿಗೆ ಮಾಡಿಸಿಕೊಳ್ಳುತ್ತಿದ್ದ. ಚಾವಡಿಗೆ ನೋಟೀಸು ಹಚ್ಚಿದ್ದನ್ನು ಯಾರೋ ಓದಿ ಹೇಳಿದ್ದರು. ಸೋಮವಾರದೊಳಗೆ ತಕರಾರು ಅರ್ಜಿ ಕೊಡದಿದ್ದರೆ ಹೊಲ ಹೋಯಿತು. ಕಾಗದಪತ್ರವೆಲ್ಲ ಮೈದುನನ ಟ್ರಂಕಿನಲ್ಲಿದ್ದವು. ಅವಳ ಕೈಯಲ್ಲಿದ್ದದ್ದು ಬರೀ ಒಂದು ಕೈಚೀಲ. ತವರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ಬಂದಿದ್ದಳು. ಎರಡು ಗಂಟೆಯ ಬಸ್ಸಿಗೆ ಹೊಳ್ಳಿ ಹೋಗಬೇಕು.

ಕಾಕಾ ಬರುವವರೆಗೆ ಕಾಯಲು ಅವಳಿಗೆ ಹೊತ್ತಿರಲಿಲ್ಲ. ಬಾ, ನಾನೇ ಬರೆಯುತ್ತೇನೆ ಅಂದೆ. ಓವರ್‌ಕಾನ್ಫಿಡೆನ್ಸ್, ಮತ್ತೇನು.

ಗಂಡನ ಹೆಸರು ಕೇಳಿದೆ. ಅವಳು ನೆಲ ನೋಡುತ್ತ, "ಶಿವನ ಗುಡ್ಯಾಗ ಮುಂದ ಕುಂತಿರ್ತಾನಲ್ರಿ... ಅವ" ಅಂದಳು.

ಶಿವನ ಮುಂದೆ ಕೂತವನು ನಂದಿ. ಕಾಕಾನಂತೆ ನಾನೂ ಒಗಟು ಬಿಡಿಸಿದೆ ಎಂಬ ಹಿಗ್ಗಿನಲ್ಲಿ ನಂದೆಪ್ಪ ಎಂದು ಬರೆದೆ. ಅವರ ಹಾಗೆಯೇ ರಾಗವಾಗಿ ಓದಿಯೂ ಹೇಳಿದೆ. 'ನನ್ನ ಪತಿ ಮೃತ ನಂದೆಪ್ಪ' ಎಂಬಲ್ಲಿ ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಬಹಳ ಮೆತ್ತಗೆ ತಲೆ ಆಡಿಸಿದಳು. ಹೆಬ್ಬೆಟ್ಟು ಒತ್ತಿಸಿದೆ, ಅವಳ ಕೈಯಲ್ಲೇ ಕಿಟಕಿಗೆ ಕೊಡಿಸಿದೆ, ತಾರೀಖಿನ ಶಿಕ್ಕಾ ಬಿತ್ತು. ಅವಳಿಗೆ ಬಸ್ಸೂ ಸಿಕ್ಕಿತು.

ಎರಡು ವಾರದ ಮೇಲೆ ಅವಳು ಓಡುತ್ತ ಬಂದಳು. ನಂದೆಪ್ಪ ಎಂಬ ಹೆಸರಿನ ಖಾತೆದಾರನೇ ಆ ಊರಿನಲ್ಲಿಲ್ಲ, ಅರ್ಜಿ ತಳ್ಳಿಹಾಕುತ್ತಾರಂತೆ ಎಂದು ಊರ ತಳವಾರ ಹೇಳಿದ್ದನಂತೆ. ಕಾಕಾ ಅವಳ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ನೋಡದೆಯೇ, "ಯವ್ವಾ, ಬಸವಣ್ಣೆಪ್ಪ ಏನು?" ಎಂದರು. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಹೌದೆಂದಳು. ನಂದಿಗೆ ನಮ್ಮ ಕಡೆ ಬಸವಣ್ಣ ಅನ್ನುತ್ತಾರೆ. ಹಳ್ಳಿಯ ಕೂಸಿಗೂ ಗೊತ್ತಿರುವ ಮಾತು ಅದು. ನನ್ನ ತಲೆಯಲ್ಲಿ ಮಾತ್ರ ಕಾನ್ವೆಂಟಿನ ಪಾಠದ ನಂದಿ ಕೂತಿದ್ದ.

ಹಾಗಾದರೆ ಅವತ್ತು ಓದಿ ಹೇಳಿದಾಗ ಯಾಕೆ ತಲೆ ಆಡಿಸಿದೆ ಅಂತ ಕೇಳಿದೆ. ಅವಳು ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

"ನೀವೂ ಹೆಣಮಕ್ಕಳು. ನನ್ನ ಮುಂದ ಅವರ ಹೆಸರ ತಗೋಬಾರದಂತ ಮರ್ಯಾದಿಲೇ ನಂದೆಪ್ಪ ಅಂದ್ರಿ ಅಂತ ತಿಳಕೊಂಡೆ ಬಾಯಾರ. ಹಾಳ್ಯಾಗ ಖರೇ ಹೆಸರ ಬರದಿರ್ತೀರಿ ಅಂತ..."

ಪಾಳಿಯ ಹೆಂಗಸರ ಮುಂದೆ ಗಂಡನ ಹೆಸರನ್ನು ಗಂಟೆ ಬಾರಿಸಿದಂತೆ ಹೇಳಿದವಳು ನಾನು. ನನ್ನಿಂದ ಅಷ್ಟು ಮರ್ಯಾದೆಯನ್ನು ಅವಳು ನಿರೀಕ್ಷಿಸಿದ್ದಳು.

ಹೊಸ ಅರ್ಜಿ ಕೊಡೋಣವೆಂದರೆ ಸೋಮವಾರದ ಮುದ್ದತು ಎಂದೋ ಮುಗಿದಿತ್ತು. ಉಳಿದದ್ದು ಒಂದೇ ದಾರಿ. ಹಳೆಯ ಅರ್ಜಿ ಇವಳದೇ, ಹೆಸರಿನದು ಬರೆದವರ ಕೈತಪ್ಪು ಎಂದು ಸಾಹೇಬರು ಒಪ್ಪಬೇಕು. ನಾನು ಒಳಗೆ ಬರುತ್ತೇನೆ ಅಂದೆ. ಕಾಕಾ ಡೆಸ್ಕಿನ ಮುಚ್ಚಳ ಮುಚ್ಚಿ, ಕಿಟಕಿಯಾಚೆ ತಲೆ ಬಗ್ಗಿಸಿ ಬರೆಯುತ್ತಿದ್ದ ನಮ್ಮ ಯಜಮಾನರ ಕಡೆ ಒಮ್ಮೆ ನೋಡಿದರು. "ನೀವು ಡಬ್ಬಿ ಕೊಟ್ಟು ಮನೀಗೆ ಹೋಗ್ರಿ ಬಾಯಾರ" ಅಂದರು.

ನಾನು ಮನೆಗೆ ಹೋಗಲಿಲ್ಲ, ಒಳಗೂ ಹೋಗಲಿಲ್ಲ. ವರಾಂಡದ ಕಿಟಕಿಯ ಬಾಜು ಡಬ್ಬಿ ಹಿಡಿದು ನಿಂತೆ. ಸಾಹೇಬರು ಅವಳನ್ನೇ ಕೇಳಿದರು, ನಿನ್ನ ಬಾಯಿಂದಲೇ ಗಂಡನ ಹೆಸರು ಹೇಳು ಅಂತ. ಅವಳು ಬಾಯಿ ಬಿಡಲಿಲ್ಲ. ಎರಡನೆಯ ಸಲ ಕೇಳಿದರು. ಅವತ್ತಿನ ವಿಚಾರಣೆಗೆಂದು ಬಂದಿದ್ದ ಮೈದುನ ಮೂಲೆಯಲ್ಲಿ ನಿಂತಿದ್ದ. ಗಂಡನ ಹೆಸರು ಗೊತ್ತಿಲ್ಲದ ಹೆಂಡತಿ ಅಂತ ಸಾಹೇಬರು ಫೈಲು ಮುಚ್ಚಲು ಹೋದಾಗ ಕಾಕಾ ಅಂದರು:

"ಗೊತ್ತೈತ್ರಿ ಸಾಹೇಬ್ರ, ಬಾಯಿಗೆ ಬರೂದಿಲ್ಲ." ಅವಳ ಕಡೆ ತಿರುಗಿದರು. "ಯವ್ವಾ, ಮದುವ್ಯಾಗ ಹ್ಯಾಂಗ ಹೇಳಿದ್ದಿ, ಹಂಗ ಹೇಳು."

ಗಂಡ ಹೋದ ಮೇಲೆ ಯಾರೂ ಒಡಪು ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಆದರೂ ಅವಳು ಗೋಡೆಯ ಕಡೆ ಮುಖ ಮಾಡಿ ಹೇಳಿದಳು:

"ಎರಿ ಹೊಲದಾಗ ಬಿಳಿಜ್ವಾಳದ ತೆನಿ ಬಾಗಿ ನಿಂತಾವ,
ಬಸವಣ್ಣೆಪ್ಪನವರು ಬಿತ್ತಿದ ಕಾಳು ನನ್ನ ದಾರಿ ಕಾಯಕೋಂತ ಕುಂತಾವ."

ಅದು ಮದುವೆಯಲ್ಲಿ ಹೇಳಿದ್ದಲ್ಲ. ಅಲ್ಲೇ, ನಿಂತ ಕಾಲ ಮೇಲೆ ಕಟ್ಟಿದ್ದು. ಮೈದುನ ಬಾಗಿಲ ಹೊರಗೆ ನೋಡತೊಡಗಿದ. ಸಾಹೇಬರು ಫೈಲು ತೆರೆದು, ಈ ಅರ್ಜಿ ಬರೆದವರು ಯಾರು ಅಂದರು.

"ನಾನ್ರಿ" ಅಂದರು ಕಾಕಾ.

ನನ್ನ ಅಕ್ಷರ ದುಂಡಗೆ, ಒಂದಕ್ಕೊಂದು ಹೆಣೆದ ಹಾಗೆ. ಅವರದು ಹಳೆಯ ಮೋಡಿ ಲಿಪಿಯ ಹಾಗೆ ಓಡುವಂಥದ್ದು. ಕುರುಡನಿಗೂ ಗೊತ್ತಾಗಬೇಕು. ಆ ಕೋಣೆಯಲ್ಲಿ ಯಜಮಾನರೂ ಇದ್ದರು, ಅವರಿಗೆ ಗೊತ್ತಾಗದೆ ಇರಲಿಕ್ಕಿಲ್ಲ. ಅವರೂ ತಲೆ ಎತ್ತಲಿಲ್ಲ. ನಾನು ಕಿಟಕಿಯ ಹೊರಗೆ... ಸತ್ಯವನ್ನೇ ಹೇಳಬೇಕೆಂದು ಪ್ರತಿ ಸೋಮವಾರ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಕಲಿತವಳು, ಡಬ್ಬಿ ಹಿಡಿದು ನಿಂತೇ ಇದ್ದೆ.

ಅರ್ಜಿ ಉಳಿಯಿತು. ಮುಂದೆ ಹೊಲ ಅವಳ ಮತ್ತು ಮಗಳ ಹೆಸರಿಗೆ ಆಯಿತು. ಕಾಕಾನಿಗೆ ಮಾತ್ರ ಮರುದಿನದಿಂದ ಕಂಪೌಂಡಿನೊಳಗೆ ಕೂರಬಾರದೆಂದು ಹುಕುಂ ಆಯಿತು. ಸರಿಯಾಗಿ ಬರೆಯಲು ಬರದವರು ಕಚೇರಿಯ ನೆರಳಿಗೆ ಯಾಕೆ ಅಂತ. ಅವರು ಡೆಸ್ಕು ಹೊತ್ತುಕೊಂಡು ರಸ್ತೆಯಾಚೆ ಸೈಕಲ್ ಅಂಗಡಿಯ ಬಾಜುವಿಗೆ ಹೋದರು. ಅಲ್ಲಿ ಮರವಿರಲಿಲ್ಲ. ಎರಡು ಬಿದಿರು ನೆಟ್ಟು ಗೋಣಿತಟ್ಟು ಕಟ್ಟಿಕೊಂಡರು. ಮೊದಲೆರಡು ತಿಂಗಳು ಜನ ಕಡಿಮೆ. ಹೆಸರು ತಪ್ಪು ಬರೆಯುವ ಕಾಕಾ ಎಂದು ಯಾರೋ ಚುಡಾಯಿಸಿದ್ದನ್ನು ನಾನೇ ಕೇಳಿದೆ. ಬರಬರುತ್ತ ಪಾಳಿಯೇ ರಸ್ತೆ ದಾಟಿ ಅವರ ಹತ್ತಿರ ಹೋಯಿತು. ಇಂಗ್ಲಿಷ್ ಕಾಗದವಿದ್ದರೆ ಅವರು ನನ್ನ ಕ್ವಾರ್ಟರ್ಸಿಗೆ ಕಳಿಸುತ್ತಿದ್ದರು. ಬರೆದು ಕಳಿಸಿದರೆ ಸರಿಯಿದೆಯೇ ಎಂದು ಕಾಕಾ ಒಂದು ಸಲವೂ ಕೇಳಲಿಲ್ಲವೆಂದು ತಂದವರು ಹೇಳುತ್ತಿದ್ದರು. ಆ ನಂಬಿಕೆ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಆಮೇಲೆ ನಮಗೆ ನವಲಗುಂದಕ್ಕೆ ವರ್ಗವಾಯಿತು. ಯಜಮಾನರು ರಿಟೈರ್ ಆಗಿ ಕುಂದಗೋಳಕ್ಕೆ ಹೊಳ್ಳಿ ಬಂದಾಗ ಸೈಕಲ್ ಅಂಗಡಿಯ ಜಾಗದಲ್ಲಿ ಜೆರಾಕ್ಸ್ ಅಂಗಡಿ ಇತ್ತು. ಕಾಕಾ ವಯಸ್ಸಾಗಿ ಮನೆ ಹಿಡಿದಿದ್ದರು. ನಾಳೆ ಹೋಗಿ ಮಾತಾಡಿಸೋಣ, ಬರುವ ವಾರ ಹೋಗೋಣ ಎಂದು ನಾನು ಮುಂದೂಡುತ್ತಲೇ ಇದ್ದೆ. ಅವರು ತೀರಿಹೋದ ಸುದ್ದಿ ನನಗೆ ತಿಳಿದದ್ದು ಮಣ್ಣಾಗಿ ಎಂಟು ದಿನದ ಮೇಲೆ, ಕಲಘಟಗಿಯ ನನ್ನ ಮಗಳ ಮನೆಯಿಂದ ನಾನು ಬಂದಾಗ. ಹೋದ ವಾರ ಆ ಸೇವಾ ಕೇಂದ್ರದ ಹುಡುಗಿ ಪಾಪ, ಬಹಳ ಚುರುಕು, ಐದು ನಿಮಿಷದಲ್ಲಿ ನನ್ನ ಕೆಲಸ ಮುಗಿಸಿದಳು. ಏನು ಬರೆದಿದೆ ಎಂದು ಓದಿ ಹೇಳಲಿಲ್ಲ. ಓದಿ ಹೇಳು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ...

ಆದರೆ ಕಾಕಾ ತೀರಿಹೋಗುವ ಮುಂಚಿನ ಬೇಸಿಗೆಯಲ್ಲಿ ಒಂದು ಸಲ ಸಿಕ್ಕಿದ್ದರು. ಕುಂದಗೋಳದ ಸ್ಟೇಷನ್ನಿನಲ್ಲಿ, ಹುಬ್ಬಳ್ಳಿಯ ಗಾಡಿಗೆ ಕಾಯುತ್ತ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವರ ಮಗಳು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ದನಿಯ ಮೇಲೆ ನನ್ನ ಗುರುತು ಹಿಡಿದರು. ಬೆಂಚಿನ ಮೇಲೆ ಬಾಜುವಿಗೆ ಕೂತು, ಇಷ್ಟು ವರ್ಷ ಒಳಗೆ ಇಟ್ಟುಕೊಂಡದ್ದನ್ನು ಹೇಳಿಯೇಬಿಟ್ಟೆ. ಐ ಆಮ್ ಸಾರಿ ಕಾಕಾ, ಅವತ್ತು ನಾನು ಒಳಗೆ ಬರಬೇಕಿತ್ತು ಅಂತ.

ಅವರು ನನ್ನ ದನಿಯ ಕಡೆ ಮುಖ ತಿರುಗಿಸಿದರು.

"ಬಾಯಾರ, ಆ ಶುಕ್ರವಾರ ನೀವು ಕಾಕಾ ಇಲ್ಲ, ನಾಳಿ ಬಾ ಅಂದಿದ್ರ ಆಕಿ ಹೋಗೇಬಿಡ್ತಿದ್ಲು. ಮೈದುನ ಮತ್ತ ಬಿಡ್ತಿದ್ದಿಲ್ಲ. ತಪ್ಪ ಅರ್ಜಿ ಆದ್ರೂ ಮುದ್ದತಿನೊಳಗ ಬಿದ್ದಿತ್ತು. ನಾ ನಿಂತದ್ದು ಅದರ ಮ್ಯಾಲ."

ಆಮೇಲೆ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಅಂದರು, "ಖರೇ ಹೇಳಬೇಕಂದ್ರ, ಬಿಸಲ ಭಾಳ ಬಡೀತಿತ್ತು ಅಲ್ಲೆ."

ನಾನು ಅವರ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಗಾಡಿ ಬಂತು. ಮಗಳು ಅವರನ್ನು ಹತ್ತಿಸಿ ಕಿಟಕಿಯ ಬಾಜು ಕೂಡಿಸಿದಳು. ಗಾಡಿ ಹೊರಟಾಗ ಕಾಕಾ ನನ್ನನ್ನು ಹುಡುಕಿ ಕೈ ಎತ್ತಿದರು. ನಾನು ನಿಂತ ಕಡೆಗಲ್ಲ. ನಲ್ಲಿಯ ಹತ್ತಿರ ಕೊಡ ತುಂಬಿಸುತ್ತಿದ್ದ ಯಾವಳೋ ಹೆಣ್ಣುಮಗಳ ಕಡೆಗೆ. ಅವಳು ಒಂದು ಗಳಿಗೆ ಗಲಿಬಿಲಿಯಾಗಿ ನೋಡಿದಳು. ಆಮೇಲೆ ಕೊಡ ಕೆಳಗಿಟ್ಟು, ಗಾಡಿ ಮರೆಯಾಗುವವರೆಗೆ ಅವರಿಗೆ ಕೈ ಬೀಸಿದಳು.