ಇಮಾಮ್ ಕಾಕಾ ಹಾಕಲೊಪ್ಪದ ಪಂಪ್

ಕಾರಿನ ಬಾನೆಟ್ ಎತ್ತಿ, ಎಂಜಿನ್ನಿಗೆ ಅಂಟಿಕೊಂಡಿರುವ ಒಂದು ಪುಟ್ಟ ಡಬ್ಬಿಗೆ ಒದ್ದೆ ಕರ್ಚೀಫ್ ಸುತ್ತುವವರನ್ನು ನೀವು ನೋಡಿದ್ದೀರಾ? ಹೋದ ತಿಂಗಳು ರಣಬಿಸಿಲಲ್ಲಿ ರಾಯಾಪುರದ ರಸ್ತೆ ಪಕ್ಕ ಆ ಕೆಲಸ ಮಾಡುತ್ತ ನಿಂತಿದ್ದವಳು ನಾನೇ.

ಹಿಂದಿನ ಸೀಟಿನಲ್ಲಿ ನನ್ನ ಅಕ್ಕ ಶಾಂತಕ್ಕ. ತನ್ನೂರು ಸುಳ್ಳದಿಂದ ಕಣ್ಣಿನ ಆಪರೇಷನ್ನಿಗೆಂದು ಬಂದು ಧಾರವಾಡದ ನಮ್ಮ ಮನೆಯಲ್ಲಿದ್ದಳು. ಹನ್ನೆರಡಕ್ಕೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿರಬೇಕಿತ್ತು. ಕಾರು ನಿಂತಲ್ಲಿಂದ ಕದಲಲಿಲ್ಲ. ಕೊನೆಗೆ ಆಟೊ ಹಿಡಿದು ಹೋದೆವು. ಡಾಕ್ಟರು ಬೇರೆ ಆಪರೇಷನ್ನಿಗೆ ಒಳಗೆ ಹೋಗಿಯಾಗಿತ್ತು. ಮುಂದಿನ ವಾರ ಬನ್ನಿ ಎಂದರು.

ಶಾಂತಕ್ಕ ಫೈಲನ್ನು ಚೀಲಕ್ಕೆ ಹಾಕಿಕೊಂಡು, ವಾಪಸ್ ಬರಲು ತಾನೇ ಆಟೊ ಕರೆದಳು. ಅದೇ ನನಗೆ ಹೆಚ್ಚು ಚುಚ್ಚಿತು.

ನಮ್ಮದು ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಕಾಲದ ಕಾರು. ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ. (ಮಾರಿಬಿಡು ಎಂದು ಹೇಳದ ನೆಂಟರಿಲ್ಲ.) ಅದರ ಡಾಕ್ಟರು ಹಳೇಹುಬ್ಬಳ್ಳಿಯ ಮೆಕ್ಯಾನಿಕ್ ಇಮಾಮ್ ಕಾಕಾ. ಅವರು ಹೇಳಿದ್ದು ಸರಳ. ನಾನು ಕರ್ಚೀಫ್ ಸುತ್ತಿದ್ದ ಆ ಡಬ್ಬಿಯೇ ಹಳೆಯ ಪಂಪ್, ಎಂಜಿನ್ನಿನ ಮೈಗೇ ಅಂಟಿಕೊಂಡಿದೆ. ಬಿಸಿಲಿಗೆ ಅದರೊಳಗಿನ ಪೆಟ್ರೋಲ್ ಆವಿಯಾಗುತ್ತದೆ. ಆವಿಯನ್ನು ಆ ಪಂಪ್ ಎಳೆಯಲಾರದು.

"ಪೆಟ್ರೋಲ್ ಟಾಕಿ ಹತ್ರ ಒಂದು ಸಣ್ಣ ಕರೆಂಟ್ ಪಂಪ್ ಕೂಡಸೋಣ್ರಿ ಅಕ್ಕೋರ. ಅಲ್ಲಿ ಶಾಖ ಇರಂಗಿಲ್ಲ. ಕಾರ್ಬೊರೇಟರ್ ಗಾಡೀದು ಅಂತ ಹೇಳೇ ತಗೊಂಡ್ ಬರ್ರಿ" ಎಂದರು. (ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ.)

ಹುಬ್ಬಳ್ಳಿಯ ದುರ್ಗದಬೈಲ್ ದಾಟಿ ಒಂದು ಗಲ್ಲಿಯಲ್ಲಿ ಬಿಡಿಭಾಗಗಳ ಅಂಗಡಿಗೆ ಹೋದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತವನು ಬಸವರಾಜ, ನನ್ನ ಹಳೆಯ ವಿದ್ಯಾರ್ಥಿ. ಎದ್ದು ನಿಂತು ನಮಸ್ಕಾರ ಮಾಡಿದ. ಹೊರಗೆ ಅವನ ಹೊಳೆಯುವ ಹೊಸ ಕಾರು.

ಟೀಚರ್ ಇನ್ನೂ ಆ ಡಬ್ಬಾ ಗಾಡಿ ಓಡಿಸುತ್ತಾರೆ ಎಂದುಕೊಂಡಾನು ಎಂಬ ನಾಚಿಕೆ. ಕಾರ್ಬೊರೇಟರ್ ಎಂಬ ಪದವನ್ನು ನುಂಗಿದೆ. "ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಕೊಡಪಾ. ಭಾಳ ಗಟ್ಟಿಮುಟ್ಟಾದ್ದು, ಜೋರಿಂದು" ಎಂದೆ.

ಅವನು ಜೋರಿನದ್ದೇ ಕೊಟ್ಟ.

ಇಮಾಮ್ ಕಾಕಾ ಡಬ್ಬಿಯನ್ನು ಕನ್ನಡಕಕ್ಕೆ ಹತ್ತಿರ ಹಿಡಿದು ಓದಿ, ತಿರುಗಿ ನನ್ನ ಕೈಗಿಟ್ಟರು.

"ಇದು ಕಾರ್ಬೊರೇಟರ್ ಇಲ್ಲದ ಹೊಸಾ ಇಂಜೆಕ್ಷನ್ ಗಾಡೀದ್ರಿ. ನಾ ಇದನ್ನ ಹಾಕಂಗಿಲ್ಲ."

"ಜೋರ್ ಇದ್ರ ಛಲೋ ಅಲ್ಲೇನ್ರಿ ಕಾಕಾ?"

"ನಿಮ್ಮ ಮನಿ ಮ್ಯಾಲಿನ ನೀರಿನ ಟಾಕ್ಯಾಗ ಒಂದು ಬಾಲ್ ತೇಲತಿರತೈತಲ್ರಿ? ನೀರು ತುಂಬಿದ್ರ ನಳಾ ಬಂದ್ ಮಾಡತೈತಿ. ಕಾರ್ಬೊರೇಟರ್ನ್ಯಾಗೂ ಹಂಗ ಒಂದು ಸಣ್ಣ ತೇಲೂದು, ಪೆಟ್ರೋಲ್ ತುಂಬಿದ್ರ ಬಾಯಿ ಮುಚ್ಚೂ ಒಂದು ಸೂಜಿ. ಅದು ಮೂರು-ನಾಕು ಪಾಯಿಂಟ್ ಒತ್ತಡ ತಡಕೊಳ್ತೈತಿ. ಇದು ನಲವತ್ತರ ಮ್ಯಾಲಿಂದು. ಸೂಜಿ ಪಾಪ ಏನ್ ಮಾಡ್ಬೇಕು?"

ನಾನು ಇಪ್ಪತ್ತು ವರ್ಷದಿಂದ ಒಂಬತ್ತನೆಯ ಕ್ಲಾಸಿಗೆ ವಿಜ್ಞಾನ ಹೇಳುವವಳು. ಒತ್ತಡದ ಪಾಠವನ್ನು ಕಣ್ಣು ಮುಚ್ಚಿ ಮಾಡಬಲ್ಲೆ. ಆದರೂ ಅಂದು ನನಗೆ ಅನಿಸಿದ್ದೇನು ಗೊತ್ತೆ? ಕಾಕಾಗೆ ವಯಸ್ಸಾಯಿತು, ಹೊಸ ಸಾಮಾನು ಕಂಡರೆ ಹೆದರುತ್ತಾರೆ! ಬಸವರಾಜನ ಮುಂದೆ ಹೋಗಿ ವಾಪಸ್ ಮಾಡಲು ಮನಸ್ಸಾಗಲಿಲ್ಲ. ಧಾರವಾಡದಲ್ಲೇ ಇನ್ನೊಂದು ಗ್ಯಾರೇಜಿನಲ್ಲಿ ಕೊಟ್ಟೆ. ಅವರು ಏನೂ ಕೇಳಲಿಲ್ಲ. ಸಂಜೆಯೊಳಗೆ ಕೂಡಿಸಿಕೊಟ್ಟರು.

ಮರುದಿನವೇ ಶಾಂತಕ್ಕನ ಆಪರೇಷನ್. ಗೇಟು ದಾಟುವಾಗಲೇ ಹಿಂದಿನಿಂದ ಕಪ್ಪು ಹೊಗೆ ಬಂತು. ಹೊಸದು, ಹೊಂದಿಕೊಳ್ಳುತ್ತದೆ ಎಂದುಕೊಂಡೆ.

"ಸುಮಾ, ಪೆಟ್ರೋಲ್ ವಾಸನಿ ಬರಾಕತ್ತೇತಿ" ಎಂದಳು ಅಕ್ಕ.

"ಹಳೀ ಗಾಡಿ ಅಲ್ಲೇನ ಅಕ್ಕಾ, ಸ್ವಲ್ಪ ಇರತೈತಿ."

ಸತ್ತೂರಿನ ಹತ್ತಿರ ಮುಂದೊಂದು ಟ್ರ್ಯಾಕ್ಟರ್ ಬಂತು. ವೇಗ ಇಳಿಸಿದ್ದೇ ಎಂಜಿನ್ ಸತ್ತಿತು. ಪಕ್ಕಕ್ಕೆ ನಿಲ್ಲಿಸಿ ಸ್ಟಾರ್ಟ್ ಮಾಡಲು ನೋಡಿದೆ, ಮತ್ತೆ ನೋಡಿದೆ, ಮತ್ತೆ. ಎಂಜಿನ್ ಸತ್ತಿದ್ದರೂ ಕೀ ಆನ್ ಇದ್ದಷ್ಟು ಹೊತ್ತು ಪಂಪ್ ಪೆಟ್ರೋಲ್ ತಳ್ಳುತ್ತಲೇ ಇರುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

"ಕೀಲಿ ತಗಿ. ಇಳಿ. ಮೊದಲ ಇಳಿ ನೀ!" ಅಕ್ಕನ ದನಿ ಬದಲಾಗಿತ್ತು.

ಇಳಿದೆವು. ಕಾರಿನ ಕೆಳಗೆ ರಸ್ತೆ ಒದ್ದೆಯಾಗಿತ್ತು. ಬಾನೆಟ್ಟಿನ ಸಂದಿಯಿಂದ ಆವಿ ಏಳುತ್ತಿತ್ತು. ಸೂಜಿ ತಡೆಯಲಾರದೆ ಉಕ್ಕಿದ ಪೆಟ್ರೋಲ್ ಕಾದ ಎಂಜಿನ್ನಿನ ಮೇಲೆ ಸುರಿದಿತ್ತು. ಆಗಲೇ ಟ್ರ್ಯಾಕ್ಟರಿನವನು ಇಳಿದು ನಮಗೆ ಸಹಾಯ ಮಾಡಲು ಬಂದ. ಬಾಯಲ್ಲಿ ಉರಿಯುವ ಬೀಡಿ!

ಕಣ್ಣು ಮಂಜಾದ ನನ್ನ ಅಕ್ಕನೇ ಅದನ್ನು ಮೊದಲು ಕಂಡದ್ದು.

"ಏ ತಮ್ಮಾ, ಅಲ್ಲೇ ನಿಂದ್ರು! ಒಂದ್ ಹೆಜ್ಜಿ ಮುಂದ ಇಡಬ್ಯಾಡ! ಬೀಡಿ ಆರಸು!"

ಅವನು ನಿಂತ. ಬೀಡಿಯನ್ನು ಚಪ್ಪಲಿಯಡಿ ಹೊಸಕಿದ. ನಮ್ಮಿಬ್ಬರನ್ನು, ಕೆಳಗಿನ ಒದ್ದೆಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಅವನೇ ನಮಗೊಂದು ಆಟೊ ನಿಲ್ಲಿಸಿಕೊಟ್ಟ. ಹೊರಡುವ ಮೊದಲು ಇಮಾಮ್ ಕಾಕಾಗೆ ಫೋನ್ ಮಾಡಿದೆ. "ಯಾರೂ ಹತ್ರ ಹೋಗಬ್ಯಾಡ್ರಿ, ನಾ ಬರಾಕತ್ತೇನಿ" ಎಂದಷ್ಟೇ ಹೇಳಿದರು. ಅವರು ಬರುವವರೆಗೆ ಕಾರಿನ ಹತ್ತಿರ ಯಾರೂ ಸುಳಿಯದಂತೆ ತಾನು ಕಾಯುತ್ತೇನೆ ಎಂದ ಟ್ರ್ಯಾಕ್ಟರಿನವನು.

ಈ ಸಲ ಸಮಯಕ್ಕೆ ಮುಟ್ಟಿದೆವು. ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು.

ಎರಡು ದಿನ ಬಿಟ್ಟು ಕಾಕಾ ಅವರ ಗ್ಯಾರೇಜಿಗೆ ಹೋದೆ. ತಾವೇ ತಂದ ಪುಟ್ಟ ಪಂಪನ್ನು ತೋರಿಸಿದರು. ಅಂಗೈಯಲ್ಲಿ ಹಿಡಿಯುವಷ್ಟು. ಕೂಡಿಸುವ ಮೊದಲು ಮೀಟರ್ ಹಚ್ಚಿ ಒತ್ತಡ ನೋಡಿದರು. ಮುಳ್ಳು ಮೂರೂವರೆಯ ಹತ್ತಿರ ನಿಂತಿತು. ಪಂಪನ್ನು ಟ್ಯಾಂಕಿನ ಪಕ್ಕ, ಕೆಳಗೆ ಕೂಡಿಸಿದರು. (ಈ ಪಂಪಿಗೆ ದೂರದಿಂದ ಎಳೆಯುವುದು ಕಷ್ಟ, ತಳ್ಳುವುದು ಸಲೀಸಂತೆ.) ಅದರ ಮುಂಚೆ ಒಂದು ಫಿಲ್ಟರ್. ಹಳೆಯ ರಬ್ಬರ್ ಪೈಪುಗಳನ್ನೆಲ್ಲ ತೆಗೆದು ಹೊಸದು ಹಾಕಿದರು. ಕೊನೆಗೆ ವೈರಿಂಗಿನಲ್ಲಿ ತಾನಾಗಿಯೇ ಆಫ್ ಆಗುವ ಒಂದು ಸ್ವಿಚ್ಚು.

"ಎಂಜಿನ್ ಬಂದಾತಂದ್ರ ಪಂಪೂ ಬಂದಾಗಬೇಕ್ರಿ ಅಕ್ಕೋರ. ಗಾಡಿ ಎಲ್ಲೆರ ಡಿಕ್ಕಿ ಹೊಡದ್ರೂ ಅಷ್ಟ. ಪಂಪ್ ಛಲೋ ಇದ್ರ ಸಾಲಂಗಿಲ್ಲ, ನಿಂದ್ರೂದೂ ಗೊತ್ತಿರಬೇಕು."

ಈಗ ಬಿಸಿಲಿಗೂ ಕಾರು ನಿಲ್ಲುವುದಿಲ್ಲ. ಶಾಂತಕ್ಕ ಅದೇ ಕಾರಿನಲ್ಲಿ ಸುಳ್ಳಕ್ಕೆ ವಾಪಸ್ಸಾದಳು, ಕಿಟಕಿಯಾಚೆ ಕಂಡ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ.

ಹೋದ ವಾರ ಧೈರ್ಯ ಮಾಡಿ ಬಸವರಾಜನ ಅಂಗಡಿಗೆ ಹೋದೆ. ನಾಚಿಕೆಯ ಕಥೆಯನ್ನೂ ಸೇರಿಸಿ ಎಲ್ಲ ಹೇಳಿದೆ. ಅವನು ನಗಲಿಲ್ಲ.

"ತಪ್ಪು ನಂದೂ ಐತ್ರಿ ಟೀಚರ್. ಯಾವ ಗಾಡಿ ಅಂತ ನಾನರ ಕೇಳಬೇಕಿತ್ತು."

ಮೊನ್ನೆ ಅವನ ಫೋನ್ ಬಂತು. ಪಂಪ್ ಕೇಳಿ ಬಂದವರನ್ನೆಲ್ಲ ಈಗ ಮೊದಲು ಯಾವ ಗಾಡಿ, ಯಾವ ಎಂಜಿನ್ ಎಂದು ವಿಚಾರಿಸುತ್ತಾನಂತೆ. ಒಬ್ಬರು ಸಿಟ್ಟಿಗೆದ್ದು, "ಸಾಮಾನ್ ಕೊಡಾಂವ ಅದಿಯೋ, ಪೊಲೀಸ್ ಅದಿಯೋ?" ಎಂದು ಎದ್ದು ಹೋದರಂತೆ. ಪಕ್ಕದ ಅಂಗಡಿಯಲ್ಲಿ ಯಾರೂ ಏನೂ ಕೇಳುವುದಿಲ್ಲವಲ್ಲ!

ಖರೇ ಹೇಳಿ, ನೀವಾಗಿದ್ದರೆ ಯಾವ ಅಂಗಡಿಗೆ ಹೋಗುತ್ತಿದ್ದಿರಿ?