ಕಾಳಿಲ್ಲದ ಕಲ್ಲಿಗೆ ನಾನು ಕೊಟ್ಟ ಸೊನ್ನೆ

ಸಿದ್ದವ್ವ, ನಿನ್ನ ಉತ್ತರ ಸರಿಯಾಗಿತ್ತು. ಸರಿಯೆಂದು ಗೊತ್ತಿದ್ದೇ ನಾನು ಸೊನ್ನೆ ಕೊಟ್ಟೆ. ಆಮೇಲೆ ಅದೇ ಉತ್ತರವನ್ನು ನನ್ನದೆಂದು ಹೇಳಿಕೊಂಡು ಇಷ್ಟು ವರ್ಷ ಒಳ್ಳೆಯ ಶಿಕ್ಷಕಿ ಎನಿಸಿಕೊಂಡೆ.

ಇನ್ನು ಮುಂದೆ ಬರೆಯುವುದೆಲ್ಲ ಸಮಜಾಯಿಷಿಯಾಗಬಹುದೆಂಬ ಭಯವಿದೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ‘ಕೆಂಪು ಶಾಯಿಯಲ್ಲಿ ಸೊನ್ನೆ ಬರೆದೆ’ ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ಶಾಯಿಯ ಬಣ್ಣ ನನಗೆ ಗೊತ್ತಿಲ್ಲ — ಕೆಂಪಾದರೆ ಕಥೆ ಚೆನ್ನಾಗಿರುತ್ತದೆ, ಅಷ್ಟೆ.

ಗೊತ್ತಿರುವುದು ಇದು. ತೊಂಬತ್ತರ ದಶಕದ ಮೊದಲ ವರ್ಷಗಳು. ನಾಲತವಾಡದ ಹತ್ತಿರದ ಹಳ್ಳಿ. ಏಳನೆಯ ತರಗತಿಗೆ ಮುಗಿಯುವ ಶಾಲೆ. ಶನಿವಾರ ಬೆಳಗಿನ ಹೊತ್ತು ನಿಮಗೆ ಮಕ್ಕಳ ದೆವ್ವದ ಕಾದಂಬರಿಯೊಂದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಇದ್ದದ್ದು ಒಂದೇ ಪ್ರತಿ. ಒಂದು ಪಾಳು ವಾಡೆ, ಅದರೊಳಗೆ ಬೆಳಗಿನ ಜಾವ ತಾನೇ ತಿರುಗುವ ಬೀಸುವ ಕಲ್ಲು. ಆ ಪುಟಗಳು ಬಂದಾಗ ನೀವು ಒಬ್ಬರಿಗೊಬ್ಬರು ಒತ್ತಿಕೊಂಡು ಕೂರುತ್ತಿದ್ದಿರಿ.

ಕಡೆಯ ಎರಡು ಅಧ್ಯಾಯ ಉಳಿದಿರುವಾಗಲೇ ಪರೀಕ್ಷೆ ಇಟ್ಟೆ. ಪದಗಳ ಅರ್ಥ, ನುಡಿಗಟ್ಟು, ಕಥೆ ಎಷ್ಟು ತಿಳಿಯಿತು ಎಂಬ ಪ್ರಶ್ನೆಗಳು. ಮೊದಲು ಬಂದ ಹುಡುಗಿಗೆ ಮುದ್ದೇಬಿಹಾಳದ ಹಾಸ್ಟೆಲಿನಲ್ಲಿ ಜಾಗ ಕೊಡಿಸುವುದಾಗಿ ಹೆಡ್ ಮಾಸ್ತರರು ಮಾತು ಕೊಟ್ಟಿದ್ದರು. ಕುರಿ ಮೇಯಿಸುವ ಮನೆಯ ನಿನಗೆ ಎಂಟನೆಯ ತರಗತಿ ಎಂಬುದು ಇದ್ದರೆ ಆ ಒಂದೇ ದಾರಿ. ಅದು ನಿನಗೂ ಗೊತ್ತಿತ್ತು, ನನಗೂ.

‘ಬೀಸುವ ಕಲ್ಲು ಹಲ್ಲು ಕಡಿಯುತ್ತಿತ್ತು — ಈ ಮಾತಿನ ಅರ್ಥವೇನು?’ ಐದು ಅಂಕ. ದೆವ್ವಕ್ಕೆ ಸಿಟ್ಟು ಬಂದಿದೆ ಎಂದು ತರಗತಿಯಲ್ಲಿ ನಾನೇ ಹೇಳಿಕೊಟ್ಟಿದ್ದೆ. ಎಲ್ಲರೂ ಅದನ್ನೇ ಬರೆದರು. ನೀನು ಬರೆದದ್ದು ಬೇರೆ: ಕಾಳು ಹಾಕದೆ ತಿರುವಿದರೆ ಕಲ್ಲು ಹಾಗೆ ಕರಕರ ಅನ್ನುತ್ತದೆ, ಒಳಗಿರುವುದು ದೆವ್ವವಲ್ಲ, ಹಸಿದ ಹೆಂಗಸು, ಮನೆಯಲ್ಲಿ ಕಾಳು ಮುಗಿದದ್ದು ಓಣಿಯವರಿಗೆ ತಿಳಿಯಬಾರದೆಂದು ಆಕೆ ಬರೀ ಕಲ್ಲು ಬೀಸುತ್ತಾಳೆ.

ನಿನ್ನ ಮಾತುಗಳು ಇವೇ ಅಲ್ಲ. ನಾನು ಎಷ್ಟು ಸಲ ಎಷ್ಟು ಜನರ ಮುಂದೆ ಇದನ್ನು ಹೇಳಿದ್ದೇನೆಂದರೆ — ನಯ ಮಾಡಿ, ತಿದ್ದಿ — ಈಗ ನಿನ್ನವು ಯಾವುವೆಂದು ಹುಡುಕಿದರೂ ಸಿಗುವುದಿಲ್ಲ. ಹಾಳೆ ರದ್ದಿಗೆ ಹೋಯಿತು.

ಅದನ್ನು ಓದಿ ನಾನು ಸ್ವಲ್ಪ ಹೊತ್ತು ಮುಂದಿನ ಹಾಳೆ ಎತ್ತಿಕೊಳ್ಳಲಿಲ್ಲ. ಅದು ನೆನಪಿದೆ. ಆದರೆ ಉತ್ತರಪಟ್ಟಿ ನನ್ನದು, ಹೆಡ್ ಮಾಸ್ತರರು ಅದನ್ನು ನೋಡಿ ಒಪ್ಪಿದ್ದರು. ನಾನು ಕಲಿಸಿದ್ದು ತಪ್ಪೆಂದು ಅವರ ಮುಂದೆ, ನಿಮ್ಮೆಲ್ಲರ ಮುಂದೆ — ಸೊನ್ನೆ ಹಾಕಿದೆ.

ಹಾಳೆ ಹಂಚಿದ ದಿನ ನೀನು ನನ್ನ ಟೇಬಲ್ಲಿಗೆ ಬಂದೆ.

“ಅಕ್ಕೋರ, ಇದಕ್ಕ ಯಾಕ್ರಿ ಸೊನ್ನಿ?”

ನಾನು ಮೆಲ್ಲಗೆ ಹೇಳಬಹುದಿತ್ತು. ನಿನ್ನ ಉತ್ತರವನ್ನು ಎಲ್ಲರಿಗೂ ಕೇಳುವಂತೆ ಓದಿದೆ. ಮುಂದಿನ ಸಾಲಿನ ಗಿರಿಜಾ ಕಿಸಕ್ಕನೆ ನಕ್ಕಳು: “ದೆವ್ವಕ್ಕ ರೊಟ್ಟಿ ಬೇಕಾಗಿತ್ತಂತ್ರಿ ಅಕ್ಕೋರ!” ಇಡೀ ಕೋಣೆ ನಕ್ಕಿತು.

“ಬರೀ ಕಲ್ಲ ಬೀಸೂದು ನೀ ಯಾರ ಮನ್ಯಾಗ ನೋಡಿದಿ? ಹೇಳು, ಐದಕ್ಕ ಐದೂ ಕೊಡ್ತೇನಿ,” ಎಂದೆ.

ನೀನು ಹಿಂದಕ್ಕೆ ತಿರುಗಿ ಕೋಣೆಯನ್ನು ನೋಡಿದೆ. ನಿನ್ನ ಓಣಿಯ ಹುಡುಗಿಯರೇ ಆರೇಳು ಮಂದಿ ಕೂತಿದ್ದರು. ಆ ಕ್ಷಣದಲ್ಲಿ ನನಗೆ ಅರ್ಥವಾಯಿತು — ಯಾರ ಮನೆ, ಯಾರ ಕಲ್ಲು, ಯಾವ ಅವ್ವ ಎಂದು. ಆಮೇಲೆ ಅಲ್ಲ, ಆಗಲೇ. ಇದೊಂದನ್ನು ನನ್ನ ನೆನಪಿನ ಮೇಲೆ ಹಾಕಿ ತಪ್ಪಿಸಿಕೊಳ್ಳಲಾರೆ.

“ಇರ್ಲಿ ಬಿಡ್ರಿ ಅಕ್ಕೋರ. ಸೊನ್ನೀನ ಇರ್ಲಿ.”

ಅಷ್ಟು ಹೇಳಿ ನೀನು ಹೋಗಿ ಕೂತೆ. ಮೊದಲ ಸ್ಥಾನಕ್ಕೆ ಎರಡೇ ಅಂಕ ಕಡಿಮೆ ಬಿದ್ದವು ನಿನಗೆ. ಹಾಸ್ಟೆಲಿಗೆ ಗಿರಿಜಾ ಹೋದಳು. ನಿನ್ನನ್ನು ನಿಮ್ಮಪ್ಪ ಆ ವಾರವೇ ಕುರಿಗಳ ಜೊತೆ ಕರೆದುಕೊಂಡು ಹೋದ. ಪುಸ್ತಕದ ಕಡೆಯ ಎರಡು ಅಧ್ಯಾಯ ನೀನು ಕೇಳಲೇ ಇಲ್ಲ.

ನಾನು ಮಾತ್ರ ನಿನ್ನ ಉತ್ತರದ ಹೆಂಗಸನ್ನು ಊರೂರಿಗೆ ಕರೆದೊಯ್ದೆ. ಬಾಗೇವಾಡಿ, ಸಿಂದಗಿ, ಇಂಡಿ — ಎಲ್ಲೆಲ್ಲಿ ಶಿಕ್ಷಕರ ತರಬೇತಿಯೋ ಅಲ್ಲೆಲ್ಲ. ‘ಈ ವಾಕ್ಯಕ್ಕೆ ನನಗೊಂದು ಬೇರೆ ಅರ್ಥ ಹೊಳೆಯಿತು’ ಎಂದು ಶುರು ಮಾಡುತ್ತಿದ್ದೆ. ಹೊಳೆಯಿತಂತೆ! ಒಮ್ಮೆ ಶಾಲು ಹೊದಿಸಿದರು. ಹೊದ್ದುಕೊಂಡೆ.

ಹೋದ ವರ್ಷ ತಾಳಿಕೋಟೆಯ ಬಸ್‌ ನಿಲ್ದಾಣದಲ್ಲಿ ನೀನೇ ಗುರುತು ಹಿಡಿದು ಕಾಲು ಮುಟ್ಟಿದೆ. ಮಸೂತಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದಾರೆಂದೆ, ಅವ್ವನೂ ಈಗ ಜೊತೆಗೇ ಇದ್ದಾಳೆಂದೆ. ಆಮೇಲೆ ಪಕ್ಕದಲ್ಲಿದ್ದ ನಿನ್ನ ಮಗಳ ತಲೆ ಸವರುತ್ತ ಕೇಳಿದೆ:

“ಅಕ್ಕೋರ, ಆ ದೆವ್ವದ ಕಥಿ ಕಡೀಕ ಏನಾತ್ರಿ? ಕಲ್ಲ ಯಾರ ತಿರುವತಿದ್ರು?”

“ಕಳ್ಳರು. ಮಂದೀನ್ನ ಅಂಜಿಸಾಕ.”

“ಅಷ್ಟೇನ್ರಿ?” ಎಂದು ನೀನು ನಕ್ಕೆ. “ನಾ ಹುಚ್ಚಿ, ಏನೇನೋ ತಿಳ್ಕೊಂಡಿದ್ನಿ ನೋಡ್ರಿ.”

ಆಗ ಹೇಳಬಹುದಿತ್ತು. ಬಸ್ಸು ಇನ್ನೂ ಬಂದಿರಲಿಲ್ಲ. ಕಾಲು ಗಂಟೆಯಾದರೂ ನಾವು ಅಲ್ಲೇ ನಿಂತಿದ್ದೆವು. ನಾನು ನಿನ್ನ ಮಗಳಿಗೆ ಮಗ್ಗಿ ಕೇಳುತ್ತ ಹೊತ್ತು ಕಳೆದೆ.

ಇದು ಅಚ್ಚಾಗಲಿರುವುದರಿಂದ ಇಲ್ಲಿ ನಿನ್ನ ಹೆಸರು ಬದಲಿಸಿದ್ದೇನೆ, ಊರನ್ನೂ. ಅಷ್ಟಾದರೂ, ನೀನು ಐದು ಅಂಕಕ್ಕೆ ಬಿಟ್ಟುಕೊಡದೆ ಕಾಪಾಡಿದ ಮಾತನ್ನು ಇಲ್ಲಿ ಮತ್ತೊಮ್ಮೆ ಹೊರಗೆ ಹಾಕುತ್ತಿರುವವಳು ನಾನೇ — ಇದು ತಪ್ಪೊಪ್ಪಿಗೆಯೋ ಇನ್ನೊಂದು ತಪ್ಪೋ, ತಿಳಿಯದು.

ನಿನಗೆ ಇದನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ಈ ಶನಿವಾರ ನಿನ್ನ ಮನೆಗೆ ಬರುತ್ತೇನೆ. ನಿನ್ನ ಅವ್ವ ಕೂತಿದ್ದರೆ ಅವಳ ಮುಂದೆ ಒಂದು ಮಾತೂ ಎತ್ತುವುದಿಲ್ಲ. ನಿನ್ನನ್ನು ಅಂಗಳದಾಚೆ ಕರೆದು, ನಿನ್ನ ಉತ್ತರ ಸರಿಯಿತ್ತೆಂದು, ನಾನು ಅದನ್ನು ಕದ್ದೆನೆಂದು ಹೇಳುತ್ತೇನೆ. ನೀನು ‘ಇರ್ಲಿ ಬಿಡ್ರಿ’ ಎಂದರೆ ಅದನ್ನು ಕ್ಷಮೆಯೆಂದು ನಾನು ತಿಳಿಯುವುದಿಲ್ಲ.