ಮೇಷ್ಟ್ರಿಗೆ ಒಬ್ಬನೇ ಶಿಷ್ಯ
ನಮ್ಮ ಕಚೇರಿಯ ಕಟ್ಟಡ ತಪಾಸಣೆ ಅಧಿಕಾರಿ ಬಾಯಿ ತೆರೆದರೆ ಸಾಕು, ‘ನಮ್ಮ ಮೇಷ್ಟ್ರು ಹೇಳ್ತಿದ್ರು’ ಎಂದೇ ಮಾತು ಶುರು. ಕಚೇರಿಯ ಪೆನ್ನಿನಲ್ಲಿ ಮನೆಯ ಚೀಟಿ ಬರೆಯುವುದಿಲ್ಲ. ಬಿಲ್ಡರುಗಳು ತರಿಸಿದ ಕಾಫಿ ಆರಿ ಕೆನೆ ಕಟ್ಟಿದರೂ ಮುಟ್ಟುವುದಿಲ್ಲ. ಮೆಟ್ಟಿಲು ಎರಡು ಅಂಗುಲ ಕಿರಿದಾಗಿದ್ದರೆ ಮಂತ್ರಿಯ ಫೋನು ಬಂದರೂ ಸಹಿ ಇಲ್ಲ. ಹನ್ನೊಂದು ಸಲ ವರ್ಗಾವಣೆಯಾಗಿದೆ. ‘ಸಾಮಾನು ಕಟ್ಟೋಕೆ ನಿಮ್ಮ ಮೇಷ್ಟ್ರು ಬರ್ತಾರಾ?’ ಎಂದು ಹೆಂಡತಿ ರೇಗುತ್ತಾರೆ. ಪಕ್ಕದ ಮೇಜಿನವರಾದ ನಾವು ಬೆನ್ನ ಹಿಂದೆ ನಗುತ್ತೇವೆ. ಆದರೆ ಮಕ್ಕಳನ್ನು ಸೇರಿಸುವ ಮುಂಚೆ ಶಾಲೆಯ ಕಟ್ಟಡ ಗಟ್ಟಿಯಿದೆಯೇ ಎಂದು ಗುಟ್ಟಾಗಿ ಇವರನ್ನೇ ಕೇಳುತ್ತೇವೆ. ಕಳೆದ ತಿಂಗಳು ಆ ಮೇಷ್ಟ್ರೇ ಕೋಲೂರಿಕೊಂಡು ಬಂದರು. ಇವರು ದಡಬಡಿಸಿ ಎದ್ದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಮೇಷ್ಟ್ರ ಮಗ ಕಟ್ಟಿಸಿದ್ದ ನಾಲ್ಕಂತಸ್ತಿನ ಆಸ್ಪತ್ರೆಯಲ್ಲಿ, ಬೆಂಕಿ ಬಿದ್ದರೆ ಹೊರಗೆ ಓಡಲು ಎರಡನೆಯ ದಾರಿಯೇ ಇರಲಿಲ್ಲ. ಅದಕ್ಕೆ ಇವರ ಸಹಿ ಬೇಕಿತ್ತು. ‘ಆಗಲ್ಲ ಸಾರ್, ರೋಗಿಗಳು ಮಲಗೋ ಜಾಗ. ನೀವೇ ಕಲಿಸಿದ್ದಲ್ವಾ?’ ಎಂದು ಇವರು ಕೈಮುಗಿದರು. ಮುದುಕರು ಇವರ ಮುಖವನ್ನೇ ನೋಡಿದರು. ಕೋಪವಿರಲಿಲ್ಲ, ಬರೀ ಆಶ್ಚರ್ಯ. ‘ಅಯ್ಯೋ, ಅದನ್ನೆಲ್ಲ ನಿಜ ಅಂದ್ಕೊಂಡುಬಿಟ್ಟೆಯೇನೋ?’ ಎಂದರು.